ಬಾಗಿಲು ಹಾಕುವ ಮುಂಚೆ ಮುಟ್ಟಬೇಕು: ಬೆಳಗೊಳ, ಮೇಲುಕೋಟೆ, ಶ್ರೀರಂಗಪಟ್ಟಣ ಒಂದೇ ದಿನದಲ್ಲಿ

ಮೇಲುಕೋಟೆಯ ಚೆಲುವನಾರಾಯಣ ಸ್ವಾಮಿ ದೇವಸ್ಥಾನದ ಮುಂದೆ ನಾವು ಕಾರಿನಿಂದ ಇಳಿದಾಗ ಗಂಟೆ ಒಂದೂ ಹತ್ತು. ಬಾಗಿಲು ಹಾಕಿತ್ತು. ಎಪ್ಪತ್ತು ದಾಟಿದ ನಮ್ಮ ಸೋದರತ್ತೆ ಬೆಳಗ್ಗೆಯಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟುಕೊಂಡು ಬಂದಿದ್ದ ತುಳಸಿ ಹಾರವನ್ನು ಮಡಿಲಲ್ಲಿ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟರು. "ಹೋಗಲಿ ಬಿಡೇ, ಸ್ವಾಮಿ ಮಲಗಿದ್ದಾನೆ, ಎಬ್ಬಿಸಬಾರದು" ಅಂದರು. ಬೈದಿದ್ದರೇ ವಾಸಿಯಿತ್ತು.

ಯಾಕೆ ತಡವಾಯಿತು ಅಂದರೆ, "ದಾರಿಯಲ್ಲೇ ಇದೆ" ಅಂತ ಎರಡು ದೇವಸ್ಥಾನ ಜಾಸ್ತಿ ಸೇರಿಸಿಕೊಂಡಿದ್ದೆವು. ತಿಂಡಿಗೆ ಅಂತ ನಿಂತ ಕಡೆ ಮುಕ್ಕಾಲು ಗಂಟೆ ಹೋಯಿತು. ಕಿಲೋಮೀಟರ್ ಲೆಕ್ಕ ಸರಿಯಾಗಿಯೇ ಹಾಕಿದ್ದೆ, ಬಾಗಿಲಿನ ಲೆಕ್ಕ ಹಾಕಿರಲಿಲ್ಲ. ನಮ್ಮ ಕಡೆ ಮುಕ್ಕಾಲು ಪಾಲು ದೇವಸ್ಥಾನಗಳು ಮಧ್ಯಾಹ್ನ ಒಂದು, ಒಂದೂವರೆಗೆ ಬಾಗಿಲು ಹಾಕಿ ಸಂಜೆ ನಾಲ್ಕರ ಆಸುಪಾಸು ತೆಗೆಯುತ್ತವೆ. ಒಂದು ದಿನದ ಯಾತ್ರೆ ಅಂದರೆ ಆ ಮೂರು ಗಂಟೆಯ ಗುಂಡಿಯನ್ನು ಹೇಗೆ ದಾಟುತ್ತೀರಿ ಅನ್ನೋದೇ.

ಆಮೇಲೆ ಇದೇ ಸುತ್ತನ್ನು ನಾಲ್ಕು ಸಲ ಮಾಡಿದ್ದೇನೆ. ಒಮ್ಮೆ ಅಮ್ಮ ಮತ್ತು ಅತ್ತೆಯ ಜೊತೆ, ಒಮ್ಮೆ ಅಮೆರಿಕದಿಂದ ಬಂದ ಚಿಕ್ಕಪ್ಪನ ಮನೆಯವರ ಜೊತೆ, ಹೀಗೆ. ಬೆಂಗಳೂರಿನಿಂದ ಶ್ರವಣಬೆಳಗೊಳ, ಅಲ್ಲಿಂದ ಮೇಲುಕೋಟೆ, ಅಲ್ಲಿಂದ ಶ್ರೀರಂಗಪಟ್ಟಣ, ರಾತ್ರಿ ಊಟಕ್ಕೆ ವಾಪಸ್. ಒಂದು ಜೈನರ ಬೆಟ್ಟ, ಒಂದು ರಾಮಾನುಜರ ಊರು, ಒಂದು ಕಾವೇರಿ ದ್ವೀಪ. ಬಾಡಿಗೆ ಕಾರು ಇದ್ದರೆ ಆರಾಮಾಗಿ ಆಗುತ್ತದೆ. ಬಸ್ಸಿನಲ್ಲಿ ಹೋದರೆ ಹೆಂಗಸರಿಗೆ ಟಿಕೆಟ್ ಇಲ್ಲ, ನಿಜ, ಆದರೆ ಮೂರೂ ಊರು ಒಂದೇ ದಿನಕ್ಕೆ ಹೊಂದೋದು ಕಷ್ಟ.

ಮೊದಲು ದಿನ ಗೊತ್ತು ಮಾಡಿ

ಕಾರಿಗಿಂತ ಮೊದಲು ಕ್ಯಾಲೆಂಡರ್ ನೋಡಿ. ಅದೂ ಗೋಡೆಗೆ ನೇತುಹಾಕಿರುವ ಪಂಚಾಂಗದ ಕ್ಯಾಲೆಂಡರ್. ಆಫೀಸಿನ ರಜೆ ಪಟ್ಟಿಯಲ್ಲಿ ಅಮಾವಾಸ್ಯೆ ಇರುವುದಿಲ್ಲ.

ಆದಷ್ಟು ಮಂಗಳವಾರ, ಬುಧವಾರ, ಗುರುವಾರ ಇಟ್ಟುಕೊಳ್ಳಿ. ಭಾನುವಾರ ಮೇಲುಕೋಟೆಯ ಕಲ್ಯಾಣಿ ಸುತ್ತ ಕಾಲಿಡಲು ಜಾಗ ಇರುವುದಿಲ್ಲ, ಮದುವೆಗೆ ಮುಂಚೆ ಫೋಟೋ ತೆಗೆಸುವ ಜೋಡಿಗಳು ಬೇರೆ. ಶ್ರಾವಣ ಶನಿವಾರ, ವೈಕುಂಠ ಏಕಾದಶಿ, ರಥಸಪ್ತಮಿ ಇವೆಲ್ಲ ಶ್ರೀರಂಗಪಟ್ಟಣದಲ್ಲಿ ಜಾತ್ರೆಯ ದಿನಗಳೇ. ಅಮಾವಾಸ್ಯೆ, ಹುಣ್ಣಿಮೆಗೆ ನಿಮಿಷಾಂಬ ದೇವಸ್ಥಾನದ ಸಾಲು ರಸ್ತೆಗೆ ಬರುತ್ತದೆ. ಮಹಾಲಯ ಅಮಾವಾಸ್ಯೆಗಂತೂ ಪಶ್ಚಿಮವಾಹಿನಿಯಲ್ಲಿ ಪಿತೃಕಾರ್ಯಕ್ಕೆ ಬಂದವರ ಕಾರುಗಳಿಂದಲೇ ಊರು ತುಂಬಿರುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಮೇಲುಕೋಟೆಯ ವೈರಮುಡಿ ಉತ್ಸವ. ವಜ್ರದ ಆ ಕಿರೀಟಕ್ಕೆ ಹಗಲಿನ ಬೆಳಕು ಬೀಳಬಾರದು ಅನ್ನುವ ನಂಬಿಕೆ, ಅದಕ್ಕೇ ಉತ್ಸವ ರಾತ್ರಿ ನಡೆಯುತ್ತದೆ. ನೋಡಲೇಬೇಕಾದ್ದು, ಆದರೆ ಅದು ಬೇರೆಯೇ ಪ್ರಯಾಣ, ಈ ಸುತ್ತಿಗೆ ಹೊಂದುವುದಿಲ್ಲ. ಗ್ರಹಣದ ದಿನ ದರ್ಶನದ ಹೊತ್ತೆಲ್ಲ ಏರುಪೇರಾಗುತ್ತದೆ, ಆ ದಿನ ಬೇಡವೇ ಬೇಡ.

ತಿಂಗಳು ಅಂದರೆ ನವೆಂಬರ್‌ನಿಂದ ಫೆಬ್ರವರಿ. ಏಪ್ರಿಲ್, ಮೇನಲ್ಲಿ ಬೆಳಗೊಳದ ಬಂಡೆ ಹೆಂಚಿನ ಹಾಗೆ ಕಾಯುತ್ತದೆ. ಅದರ ಮೇಲೆ ಬರಿಗಾಲಲ್ಲಿ ನಡೆಯಬೇಕು ಅನ್ನೋದು ನೆನಪಿರಲಿ.

ಕಾರು ಮಾತಾಡುವುದು

ಇಲ್ಲಿ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಜಗಳ ಆಗೋದು ಇಲ್ಲೇ.

ಹಳದಿ ಬೋರ್ಡ್ ಗಾಡಿಯನ್ನೇ ತೆಗೆದುಕೊಳ್ಳಿ. ಪಕ್ಕದ ಮನೆಯವರ ವೈಟ್ ಬೋರ್ಡ್ ಕಾರು ಅಗ್ಗಕ್ಕೆ ಸಿಗುತ್ತದೆ ಅಂತ ಹೋಗಬೇಡಿ. ಬಾಡಿಗೆಗೆ ಓಡಿಸಲು ಅದಕ್ಕೆ ಪರ್ಮಿಟ್ ಇರುವುದಿಲ್ಲ, ದಾರಿಯಲ್ಲಿ ಏನಾದರೂ ಆದರೆ ಇನ್ಶೂರೆನ್ಸ್ ತಕರಾರು. ನಾಲ್ಕು ಜನಕ್ಕೆ ಸೆಡಾನ್ ಸಾಕು. ಐದನೆಯವರು ಇದ್ದರೆ, ಅಥವಾ ಮಂಡಿ ನೋವಿನವರು ಒಬ್ಬರಿದ್ದರೂ, ಸೀಟು ಎತ್ತರ ಇರುವ ದೊಡ್ಡ ಗಾಡಿ ತೆಗೆದುಕೊಳ್ಳಿ. ತಗ್ಗು ಸೀಟಿನಿಂದ ದಿನಕ್ಕೆ ಹತ್ತು ಸಲ ಎದ್ದು ಇಳಿಯೋದೇ ವಯಸ್ಸಾದವರಿಗೆ ಬೆಟ್ಟ ಹತ್ತಿದ ಹಾಗೆ.

ಬೆಂಗಳೂರಿನ ಟ್ರಾವೆಲ್ಸ್‌ನವರು ಔಟ್‌ಸ್ಟೇಷನ್‌ಗೆ ಸಾಮಾನ್ಯವಾಗಿ ದಿನಕ್ಕೆ ಇಷ್ಟು ಕಿ.ಮೀ. ಅಂತ ಕನಿಷ್ಠ ಲೆಕ್ಕ ಹಿಡಿಯುತ್ತಾರೆ, 250 ಅಥವಾ 300. ಈ ಸುತ್ತು ಹೇಗೂ ಅದನ್ನು ದಾಟುತ್ತದೆ. ಬೆಂಗಳೂರಿನಿಂದ ಬೆಳಗೊಳಕ್ಕೆ 145 ಕಿ.ಮೀ. ಆಸುಪಾಸು, ಅಲ್ಲಿಂದ ಮೇಲುಕೋಟೆಗೆ ಒಂದು ಗಂಟೆ ಚಿಲ್ಲರೆ ದಾರಿ, ಅಲ್ಲಿಂದ ಶ್ರೀರಂಗಪಟ್ಟಣಕ್ಕೆ ಮುಕ್ಕಾಲು ಗಂಟೆ, ಶ್ರೀರಂಗಪಟ್ಟಣದಿಂದ ವಾಪಸ್ 125 ಕಿ.ಮೀ. ಊರೊಳಗಿನ ಓಡಾಟ ಸೇರಿಸಿ 350 ಕಿ.ಮೀ. ಅಂತ ಇಟ್ಟುಕೊಳ್ಳಿ. ಕಿ.ಮೀ.ಗೆ 14 ರೂಪಾಯಿ ಅಂದರೆ 4,900 ಆಯಿತು. ಇದರ ಮೇಲೆ ಡ್ರೈವರ್ ಬಾಟಾ, ಟೋಲ್, ಪಾರ್ಕಿಂಗ್, ಬಿಲ್ ಕೊಡುವವರಾದರೆ ಜಿಎಸ್‌ಟಿ. ಫೋನಿನಲ್ಲಿ ಹೇಳುವ ಕಿ.ಮೀ. ರೇಟು ಕೇಳಿ ಖುಷಿಪಡಬೇಡಿ, "ಎಲ್ಲಾ ಸೇರಿ ಎಷ್ಟಾಗುತ್ತೆ?" ಅಂತಲೇ ಕೇಳಿ.

ಇನ್ನೊಂದು ಪ್ರಶ್ನೆ ಮರೆಯಬೇಡಿ: ಮೀಟರ್ ಎಲ್ಲಿಂದ ಎಲ್ಲಿಗೆ? ನಮ್ಮ ಮನೆಯಿಂದ ನಮ್ಮ ಮನೆಗೋ, ಗ್ಯಾರೇಜಿನಿಂದ ಗ್ಯಾರೇಜಿಗೋ? ನಾನು ಮೊದಲ ಸಲ ಬುಕ್ ಮಾಡಿದವರ ಗ್ಯಾರೇಜು ಊರಿನ ಆ ತುದಿಯಲ್ಲಿತ್ತು. ನಾನಿರುವುದು ವಿಜಯನಗರ. ರಾತ್ರಿ ಬಿಲ್ ನೋಡಿದರೆ 60 ಕಿ.ಮೀ. ಜಾಸ್ತಿ. ಕೇಳಿದ್ದಕ್ಕೆ "ಮೇಡಂ, ನೀವು ಕೇಳಲಿಲ್ಲವಲ್ಲ" ಅಂದರು. ನಿಜ, ಕೇಳಿರಲಿಲ್ಲ. ಈಗ ಎಲ್ಲವನ್ನೂ ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳುತ್ತೇನೆ: ಮೂರು ಊರಿನ ಹೆಸರು, ಕಿ.ಮೀ. ಎಲ್ಲಿಂದ ಶುರು, ಬಾಟಾ ಎಷ್ಟು, ರಾತ್ರಿ ಎಷ್ಟು ಗಂಟೆ ದಾಟಿದರೆ ನೈಟ್ ಬಾಟಾ. ಹತ್ತಿದ ತಕ್ಷಣ ಮೀಟರಿನ ಒಂದು ಫೋಟೋ, ಇಳಿಯುವಾಗ ಇನ್ನೊಂದು. ಡ್ರೈವರ್ ಮುಖ ಸಪ್ಪಗಾದರೆ "ಲೆಕ್ಕಕ್ಕೆ ಅಣ್ಣ, ಬೇರೇನಲ್ಲ" ಅನ್ನಿ.

ಡ್ರೈವರ್ ಹಿಂದಿನ ರಾತ್ರಿ ಏರ್‌ಪೋರ್ಟ್ ಡ್ಯೂಟಿ ಮಾಡಿ ಸೀದಾ ನಿಮ್ಮ ಮನೆಗೆ ಬರುವವರಲ್ಲ ಅಂತಲೂ ಖಾತ್ರಿ ಮಾಡಿಕೊಳ್ಳಿ. ಬೆಳಗಿನ ಜಾವದ ಹೆದ್ದಾರಿಯಲ್ಲಿ ಕಣ್ಣು ಎಳೆಯುವ ಡ್ರೈವರ್ ಇದ್ದರೆ ಯಾವ ದೇವರೂ ಸಾಲದು.

ಹಿಂದಿನ ರಾತ್ರಿ

ಹಳೆಯ ಚಪ್ಪಲಿ ಹಾಕಿಕೊಳ್ಳಿ. ಶೂ ಬೇಡ, ದಿನಕ್ಕೆ ಐದು ಸಲ ಬಿಚ್ಚಿ ಕಟ್ಟಬೇಕಾಗುತ್ತದೆ. ತಲೆಗೊಂದರಂತೆ ದಪ್ಪ ಹತ್ತಿಯ ಸಾಕ್ಸ್ ಇಟ್ಟುಕೊಳ್ಳಿ, ಬೆಟ್ಟಕ್ಕೆ. ಟೋಪಿ, ನೀರು, ಎರಡು ಪ್ಯಾಕೆಟ್ ಓಆರ್‌ಎಸ್, ಬಿಪಿ, ಶುಗರ್ ಮಾತ್ರೆ, ಮಂಡಿಗೆ ಹಾಕುವ ಕ್ಯಾಪ್, ಒದ್ದೆ ಕಾಲು ಒರೆಸಲು ಒಂದು ಹಳೆ ಟವೆಲ್. ಹತ್ತು, ಇಪ್ಪತ್ತರ ನೋಟುಗಳು ಒಂದು ಪರ್ಸಿನಲ್ಲಿ ಬೇರೆಯಾಗಿ. ಚಪ್ಪಲಿ ಸ್ಟ್ಯಾಂಡಿನಲ್ಲಿ, ಮಂಗಳಾರತಿ ತಟ್ಟೆಯ ಮುಂದೆ ಐನೂರರ ನೋಟು ಹಿಡಿದು ನಿಲ್ಲೋದು ಮುಜುಗರ.

ಅರ್ಚನೆ ಮಾಡಿಸುವವರಿದ್ದರೆ ಮನೆಯವರೆಲ್ಲರ ಹೆಸರು, ಗೋತ್ರ, ನಕ್ಷತ್ರ ಫೋನಿನಲ್ಲಿ ಬರೆದಿಡಿ. ನಗಬೇಡಿ. ಅರ್ಚಕರು ಕೈಯಲ್ಲಿ ಹೂ ಹಿಡಿದು ಕಾಯುತ್ತಿರುವಾಗ, ಹಿಂದೆ ಸಾಲು ಬೆಳೆಯುತ್ತಿರುವಾಗ, ಮೊಮ್ಮಗನದು ಉತ್ತರಾ ಫಲ್ಗುಣಿಯೋ ಉತ್ತರಾಷಾಢವೋ ಅಂತ ನಮ್ಮ ಅಮ್ಮ ಮತ್ತು ಅತ್ತೆ ವಾದ ಮಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಉಡುಪಿಗೆ ಬಿಗಿಯಾದ ನಿಯಮ ಹುಡುಕುತ್ತಾ ಕೂರಬೇಡಿ. ಸೀರೆ, ಚೂಡಿದಾರ, ಪಂಚೆ, ಉದ್ದನೆಯ ಪ್ಯಾಂಟು, ಇದರಲ್ಲಿ ಎಲ್ಲಿಯೂ ತೊಂದರೆ ಆಗಿಲ್ಲ. ಶಾರ್ಟ್ಸ್ ಬೇಡ.

ನಾಲ್ಕೂಮುಕ್ಕಾಲಿಗೆ ಕಾರು ಗೇಟು ಬಿಟ್ಟಿರಬೇಕು

ಐದು ಅಂತ ಹೇಳಿದರೆ ಐದೂವರೆ ಆಗುತ್ತದೆ, ಅದಕ್ಕೆ ನಾನು ಮನೆಯವರಿಗೆ ನಾಲ್ಕೂವರೆ ಅಂತ ಸುಳ್ಳು ಹೇಳುತ್ತೇನೆ. ಮಂಗಳೂರು ಹೆದ್ದಾರಿ ಹಿಡಿಯಿರಿ: ನೆಲಮಂಗಲ, ಕುಣಿಗಲ್, ಎಡೆಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ. ಹಿರೀಸಾವೆಯಲ್ಲಿ ಎಡಕ್ಕೆ ತಿರುಗಿದರೆ ಬೆಳಗೊಳ. ನೆಲಮಂಗಲವನ್ನು ಐದೂಕಾಲರೊಳಗೆ ದಾಟಿದರೆ ಅರ್ಧ ಗೆದ್ದ ಹಾಗೆ. ಬೆಳಕು ಹರಿದ ಮೇಲೆ ಅಲ್ಲಿ ಲಾರಿಗಳ ಹಿಂದೆ ಆಮೆ ನಡಿಗೆ.

ತಿಂಡಿ ದಾರಿಯಲ್ಲೇ, ಎರಡು ಇಡ್ಲಿ, ಒಂದು ಕಾಫಿ, ಇಪ್ಪತ್ತು ನಿಮಿಷ. ಮಸಾಲೆ ದೋಸೆ ತಿಂದು 600 ಮೆಟ್ಟಿಲು ಹತ್ತಲು ಆಗುವುದಿಲ್ಲ.

ಈಗ "ದಾರಿಯಲ್ಲೇ ಇದೆ" ಅನ್ನುವವರ ವಿಷಯ. ಎಡೆಯೂರು ಸಿದ್ಧಲಿಂಗೇಶ್ವರ ನಿಜಕ್ಕೂ ದಾರಿಯಲ್ಲೇ ಇದ್ದಾನೆ. ಬೆಳ್ಳೂರು ಕ್ರಾಸ್ ಹತ್ತಿರ ಆದಿಚುಂಚನಗಿರಿ, ಕಾಲಭೈರವೇಶ್ವರ. ಆ ಕಡೆ ನಾಗಮಂಗಲದ ಸೌಮ್ಯಕೇಶವ. ಮುಂದೆ ಕೆ.ಆರ್. ಪೇಟೆ ಹತ್ತಿರ ಹೊಸಹೊಳಲು. ಒಂದಕ್ಕಿಂತ ಒಂದು ಚೆನ್ನ. ಒಂದನ್ನೂ ಸೇರಿಸಬೇಡಿ. ಹೊರಡುವ ಮುಂಚೆ ಮನೆಯಲ್ಲೇ ಈ ಮಾತು ತೀರ್ಮಾನ ಆಗಲಿ, ಕಾರಿನಲ್ಲಿ ಚರ್ಚೆ ಶುರುವಾದರೆ ವಯಸ್ಸಾದವರೇ ಗೆಲ್ಲೋದು.

ಬೆಟ್ಟ: ಎಂಟರಿಂದ ಹತ್ತೂಕಾಲು

ಶ್ರವಣಬೆಳಗೊಳದಲ್ಲಿ ಎದುರುಬದುರು ಎರಡು ಬೆಟ್ಟ, ನಡುವೆ ಕೊಳ. ಗೊಮ್ಮಟ ಇರುವುದು ದೊಡ್ಡಬೆಟ್ಟ, ಅಂದರೆ ವಿಂಧ್ಯಗಿರಿ. ಬಂಡೆಯಲ್ಲೇ ಕಡಿದ 600ಕ್ಕೂ ಜಾಸ್ತಿ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇದೆ. ಚಪ್ಪಲಿ ಕೆಳಗೇ ಬಿಡಬೇಕು. ಎಂಟಕ್ಕೆ ಹತ್ತಲು ಶುರು ಮಾಡಿದರೆ ಬಂಡೆ ಇನ್ನೂ ತಣ್ಣಗಿರುತ್ತದೆ, ಅಂಗಾಲಿಗೆ ಹಿತ. ಒಮ್ಮೆ ನಾವು ಹನ್ನೊಂದೂವರೆಗೆ ಇಳಿದೆವು, ಚಿಕ್ಕಪ್ಪ ಸಾಕ್ಸ್ ಬೇಡ ಅಂತ ಹಟ ಹಿಡಿದಿದ್ದರು, ಕೊನೆಯ ನೂರು ಮೆಟ್ಟಿಲನ್ನು ಕುಣಿಯುತ್ತಾ ಇಳಿದರು. ಕೆಳಗೆ ಬಂದವರೇ ಒಂದು ಲೀಟರ್ ನೀರನ್ನು ಕುಡಿಯದೆ ಕಾಲಿಗೆ ಸುರಿದುಕೊಂಡರು.

ಹತ್ತುವಾಗ ಮಾತು ಬೇಡ. ಐವತ್ತು ಮೆಟ್ಟಿಲಿಗೆ ಒಮ್ಮೆ ನಿಲ್ಲಿ, ಹಿಂದಕ್ಕೆ ತಿರುಗಿ ಕೊಳ ನೋಡಿ, ಮತ್ತೆ ಹತ್ತಿ. ಅಮ್ಮ ಹೀಗೇ ನಲವತ್ತು ನಿಮಿಷದಲ್ಲಿ ಮೇಲೆ ಬಂದರು. ಆಗುವುದೇ ಇಲ್ಲ ಅನ್ನುವವರಿಗೆ ಡೋಲಿ ಇದೆ, ನಾಲ್ಕು ಜನ ಹೊರುತ್ತಾರೆ. ದರ ಕೆಳಗೇ ವಿಚಾರಿಸಿ, ಹೋಗಿ ಬರುವುದು ಎರಡೂ ಸೇರಿ ಮಾತಾಡಿ.

ಕೆಳಗಿನಿಂದ ಹತ್ತುವಾಗ ಗೊಮ್ಮಟ ಕಾಣುವುದೇ ಇಲ್ಲ. ದಾರಿಯಲ್ಲಿ ಒದೆಗಲ್ ಬಸದಿ ಸಿಗುತ್ತದೆ, ಗೋಡೆ ಬೀಳದಿರಲಿ ಅಂತ ಉದ್ದನೆಯ ಕಲ್ಲುಗಳನ್ನು ಓರೆಯಾಗಿ ಒದೆ ಕೊಟ್ಟು ನಿಲ್ಲಿಸಿದ್ದಾರೆ, ಹೆಸರು ಬಂದಿದ್ದೇ ಅದರಿಂದ. ಆಮೇಲೆ ತ್ಯಾಗದ ಕಂಬ, ಒಂದೇ ಬಂಡೆಯಲ್ಲಿ ಕೊರೆದ ಅಖಂಡ ಬಾಗಿಲು. ಕೊನೆಯ ಪ್ರಾಕಾರದೊಳಗೆ ಕಾಲಿಟ್ಟ ಮೇಲೇ ತಟ್ಟನೆ ಎದುರಿಗೆ ಸುಮಾರು 58 ಅಡಿ.

ಎಲ್ಲರೂ ಮುಖ ನೋಡಿ, ಸೆಲ್ಫಿ ತೆಗೆದುಕೊಂಡು ಹೊರಟುಬಿಡುತ್ತಾರೆ. ನೀವು ಪಾದದ ಹತ್ತಿರ ನಿಲ್ಲಿ. ಎರಡೂ ಕಡೆ ಹುತ್ತ ಕೆತ್ತಿದ್ದಾರೆ, ಹುತ್ತದಿಂದ ಹಾವು ಹೊರಬರುತ್ತಿವೆ, ಮಾಧವಿ ಬಳ್ಳಿ ತೊಡೆ ಹತ್ತಿ ತೋಳಿಗೆ ಸುತ್ತಿದೆ. ಅಲ್ಲೇ ಕಲ್ಲಿನ ಮೇಲೆ "ಶ್ರೀ ಚಾವುಣ್ಡರಾಜಂ ಮಾಡಿಸಿದಂ" ಅಂತ ಕನ್ನಡದಲ್ಲಿ ಬರೆದಿದೆ. ತಮಿಳಿನಲ್ಲೂ ಮರಾಠಿಯಲ್ಲೂ ಅದೇ ವಿಷಯ ಇದೆ. ಗಂಗರ ರಾಚಮಲ್ಲನ ಮಂತ್ರಿ ಚಾವುಂಡರಾಯ ಇದನ್ನು ಮಾಡಿಸಿದ್ದು 981ರ ಆಸುಪಾಸು. ಹಳಗನ್ನಡದ ಎರಡು ಪದ, ನಮ್ಮ ಅತ್ತೆ ಬೆರಳು ಗಾಳಿಯಲ್ಲಿ ಆಡಿಸುತ್ತಾ "ಮಾಡಿಸಿದಂ" ಅಂತ ಮೂರು ಸಲ ಓದಿದರು.

ಹಾಗೇ ಎದುರಿನ ಮಂಟಪದಲ್ಲಿ ಗುಳ್ಳಕಾಯಜ್ಜಿಯನ್ನೂ ನೋಡಿ. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದರೂ ಅಭಿಷೇಕ ಸೊಂಟದಿಂದ ಕೆಳಗೆ ಇಳಿಯಲಿಲ್ಲವಂತೆ, ಈ ಮುದುಕಿ ಗುಳ್ಳದಕಾಯಿಯಷ್ಟು ಪಾತ್ರೆಯ ಹಾಲಲ್ಲಿ ಪಾದದವರೆಗೂ ನೆನೆಸಿದಳಂತೆ. ಅಷ್ಟೆತ್ತರದ ಮೂರ್ತಿಯ ಎದುರಿಗೇ ಅವಳನ್ನೂ ನಿಲ್ಲಿಸಿದ್ದಾರಲ್ಲ, ಅದು ನನಗೆ ಇಷ್ಟ. ಮಹಾಮಸ್ತಕಾಭಿಷೇಕ ಸಾಮಾನ್ಯವಾಗಿ 12 ವರ್ಷಕ್ಕೊಮ್ಮೆ, ಕಳೆದ ಸಲ 2018ರಲ್ಲಿ ಆಯಿತು. ಆ ಲೆಕ್ಕದಲ್ಲಿ ಮುಂದಿನದು 2030.

ಹತ್ತಲು ಆಗದವರನ್ನು ಕಾರಿನಲ್ಲಿ ಕೂರಿಸಿ ಹೋಗಬೇಡಿ, ಪಾಪ. ಊರೊಳಗೇ ಭಂಡಾರಿ ಬಸದಿ ಇದೆ, ಹೊಯ್ಸಳರ ಭಂಡಾರಿ ಹುಳ್ಳ 1159ರಲ್ಲಿ ಕಟ್ಟಿಸಿದ್ದು, 24 ತೀರ್ಥಂಕರರೂ ಒಂದೇ ಸಾಲಿನಲ್ಲಿ ನಿಂತಿದ್ದಾರೆ. ಬೆಟ್ಟದಷ್ಟು ಮೆಟ್ಟಿಲ ಕಾಟ ಇಲ್ಲ. ಹತ್ತಿರದಲ್ಲೇ ಅಕ್ಕನ ಬಸದಿ. ಒಂದೂವರೆ ಗಂಟೆ ಚೆನ್ನಾಗಿ ಕಳೆಯುತ್ತದೆ.

ಚಿಕ್ಕಬೆಟ್ಟ, ಚಂದ್ರಗಿರಿ, ಈ ದಿನಕ್ಕೆ ಸೇರುವುದಿಲ್ಲ. ಭದ್ರಬಾಹು ಮುನಿಗಳ ಗುಹೆ, ಚಂದ್ರಗುಪ್ತ ಮೌರ್ಯ ಕೊನೆಗಾಲ ಕಳೆದ ಅನ್ನುವ ಜಾಗ, ಸಾಲು ಸಾಲು ಬಸದಿಗಳು, ಶಾಸನಗಳು. ಶಾಸನದ ಹುಚ್ಚು ಇರುವವರು ಶ್ರೀರಂಗಪಟ್ಟಣ ಬಿಟ್ಟು ಇದನ್ನು ಹತ್ತಿ. ನನ್ನನ್ನು ಕೇಳಿದರೆ ಅದೇ ಒಳ್ಳೆಯ ಯೋಜನೆ, ಆದರೆ ನಮ್ಮ ಮನೆಯಲ್ಲಿ ಒಪ್ಪುವವರಿಲ್ಲ.

ಹನ್ನೆರಡರೊಳಗೆ ಮೇಲುಕೋಟೆ

ಹತ್ತೂವರೆಗೆ ಬೆಳಗೊಳ ಬಿಡಿ. ಹಳ್ಳಿ ದಾರಿ, ತೆಂಗು, ಕಬ್ಬು, ನಡುನಡುವೆ ರಸ್ತೆ ಮೇಲೇ ಹುರುಳಿ ಒಕ್ಕಣೆ. ಹೊರಡುವ ಮುಂಚೆ ಡ್ರೈವರ್‌ಗೆ ತಿಂಡಿ ಆಗಿದೆಯಾ ಅಂತ ಒಂದು ಮಾತು ಕೇಳಿ. ಮ್ಯಾಪ್ ಒಂದೆರಡು ಕಡೆ ಹೊಲದ ದಾರಿ ತೋರಿಸುತ್ತದೆ, ಹತ್ತು ನಿಮಿಷ ಉಳಿಯುತ್ತದೆ ಅಂತ ಅದರ ಮಾತು ಕೇಳಬೇಡಿ. ಟೀ ಅಂಗಡಿಯಲ್ಲಿ "ಮೇಲ್ಕೋಟೆಗೆ ಯಾವ ಕಡೆ ಅಣ್ಣಾ" ಅಂತ ಕೇಳಿ.

ಮೇಲುಕೋಟೆಯಲ್ಲಿ ಎರಡು ಮುಖ್ಯ ದೇವಸ್ಥಾನ. ಕೆಳಗೆ ಊರೊಳಗೆ ಚೆಲುವನಾರಾಯಣ, ಮೇಲೆ ಬೆಟ್ಟದ ತುದಿಯಲ್ಲಿ ಯೋಗನರಸಿಂಹ. ಎರಡನ್ನೂ ಹನ್ನೆರಡರಿಂದ ಒಂದರೊಳಗೆ ಮುಗಿಸೋಣ ಅಂತ ಹೋದರೆ ಎರಡೂ ತಪ್ಪುತ್ತವೆ. ಮೊದಲು ಚೆಲುವನಾರಾಯಣನ ದರ್ಶನ. ಬೆಟ್ಟಕ್ಕೆ ಮೂರು ನೂರಕ್ಕೂ ಜಾಸ್ತಿ ಮೆಟ್ಟಿಲು, ಅದೂ ನಡು ಮಧ್ಯಾಹ್ನ, ಬೆಳಗ್ಗೆ ಒಂದು ಬೆಟ್ಟ ಹತ್ತಿ ಇಳಿದ ಕಾಲಿನಲ್ಲಿ. ನಮ್ಮ ಗುಂಪಿನಲ್ಲಿ ಹುಡುಗರಿದ್ದರೆ ಅವರನ್ನು ಮಾತ್ರ ಓಡಿಸುತ್ತೇನೆ. ಮಿಕ್ಕವರು ಕಲ್ಯಾಣಿ ಮೆಟ್ಟಿಲಲ್ಲಿ ನಿಂತು ಮೇಲಕ್ಕೆ ನೋಡಿ ಕೈ ಮುಗಿಯುತ್ತೇವೆ. ಅಲ್ಲಿಂದ ಬೆಟ್ಟ, ಬಂಡೆ, ಗೋಪುರ ಮೂರೂ ಒಟ್ಟಿಗೆ ಕಾಣುತ್ತವೆ.

ಚೆಲುವನಾರಾಯಣನ ಉತ್ಸವಮೂರ್ತಿಗೆ ಚೆಲುವಪಿಳ್ಳೆ ಅಂತ ಹೆಸರು. ಮುಸ್ಲಿಂ ಸುಲ್ತಾನನೊಬ್ಬನ ಮಗಳು ಈ ಮೂರ್ತಿಯನ್ನು ಆಟದ ಬೊಂಬೆಯಂತೆ ಇಟ್ಟುಕೊಂಡಿದ್ದಳು, ರಾಮಾನುಜರು ವಾಪಸ್ ತಂದಾಗ ಬಿಟ್ಟಿರಲಾರದೆ ಹಿಂದೆಯೇ ಬಂದಳು ಅಂತ ಕಥೆ. ಅವಳೇ ಬೀಬಿ ನಾಚಿಯಾರ್, ಸ್ವಾಮಿಯ ಪಾದದ ಬಳಿ ಅವಳಿಗೂ ಜಾಗ ಇದೆ. ಹನ್ನೆರಡನೇ ಶತಮಾನದಲ್ಲಿ ತಮಿಳುನಾಡಿನಿಂದ ಬಂದ ರಾಮಾನುಜರು ಇಲ್ಲಿ ಹತ್ತಕ್ಕೂ ಹೆಚ್ಚು ವರ್ಷ ಇದ್ದರು ಅನ್ನುತ್ತಾರೆ. ಊರಿನಲ್ಲಿ ಇವತ್ತಿಗೂ ತಮಿಳು ಬೆರೆತ ಕನ್ನಡ ಕಿವಿಗೆ ಬೀಳುತ್ತದೆ.

ತುಳಸಿ ಹಾರ ಅಲ್ಲೇ ಸಿಗುತ್ತದೆ, ಬೆಂಗಳೂರಿನಿಂದ ಹೊರಬೇಡಿ. ನಮ್ಮ ಅತ್ತೆ ಈಗಲೂ ಮನೆಯಿಂದಲೇ ತರುತ್ತಾರೆ, ಅದು ಬೇರೆ ಮಾತು.

ಒಂದರಿಂದ ಮೂರೂವರೆ

ಬಾಗಿಲು ಹಾಕಿರುವ ಹೊತ್ತು. ಇದನ್ನು ಎಲ್ಲಿ ಕಳೆಯುತ್ತೀರಿ ಅನ್ನೋದರ ಮೇಲೆ ದಿನ ನಿಂತಿದೆ, ಮತ್ತು ಕಳೆಯಲು ಮೇಲುಕೋಟೆಗಿಂತ ಒಳ್ಳೆಯ ಜಾಗ ಈ ದಾರಿಯಲ್ಲಿ ಇಲ್ಲ. ಯಾಕೆಂದರೆ ಪುಳಿಯೋಗರೆ.

ದೇವಸ್ಥಾನದ ಆಸುಪಾಸಿನ ಸಣ್ಣ ಅಂಗಡಿಗಳಲ್ಲಿ ಎಲೆ ಮೇಲೋ ದೊನ್ನೆಯಲ್ಲೋ ಕೊಡುತ್ತಾರೆ. ಬಣ್ಣ ಕಪ್ಪು ತಿರುಗಿದ ಕಂದು, ಹುಣಸೆ ಮತ್ತು ಬೆಲ್ಲ ಚೆನ್ನಾಗಿ ಕುದ್ದು ಎಣ್ಣೆ ಬಿಟ್ಟುಕೊಂಡಿರುತ್ತದೆ, ಖಾರ ನಾಲಿಗೆಯ ತುದಿಗಲ್ಲ, ಗಂಟಲಿಗೆ ಹತ್ತುತ್ತದೆ, ಅದು ಮೆಣಸಿನದು. ಕಡ್ಲೆಕಾಯಿ ಬೀಜ ಹಲ್ಲಿಗೆ ಸಿಕ್ಕಾಗ ಕಟುಮ್ ಅನ್ನಬೇಕು. ಜೊತೆಗೆ ಸಕ್ಕರೆ ಪೊಂಗಲ್, ತುಪ್ಪ ಕೈಗೆ ಅಂಟುವಷ್ಟು. ಶುಗರ್ ಇರುವವರು ದೂರ ಕೂರಿ. ಒಂದು ಪ್ಲೇಟು ತಿಂದು ಎರಡನೆಯದಕ್ಕೆ ಯೋಚನೆ ಮಾಡಿ, ಅದು ತಡವಾಗಿ ಹೊಟ್ಟೆಗೆ ಗೊತ್ತಾಗುವ ಜಾತಿಯದು. ಗೊಜ್ಜು ಬಾಟಲಿಯಲ್ಲೂ ಸಿಗುತ್ತದೆ, ಮುಚ್ಚಳ ಬಿಗಿಯಾಗಿದೆಯಾ ಅಂತ ತಿರುಗಿಸಿ ನೋಡಿ ತೆಗೆದುಕೊಳ್ಳಿ. ನಮ್ಮ ಕಾರಿನ ಸೀಟಿನಲ್ಲಿ ಒಮ್ಮೆ ಆದದ್ದನ್ನು ಇಲ್ಲಿ ಬರೆಯುವುದಿಲ್ಲ.

ಊಟ ಆದ ಮೇಲೆ ಡ್ರೈವರ್‌ಗೆ ನೆರಳಲ್ಲಿ ಗಾಡಿ ಹಾಕಿ ಒಂದು ಗಂಟೆ ಮಲಗಲು ಹೇಳಿ. ಕೇಳದೇ ಇದ್ದರೂ ಹೇಳಿ. ಮೂರಕ್ಕೆ ಎದ್ದವರ ಕಣ್ಣು ಆಗಲೇ ಭಾರವಾಗಿರುತ್ತದೆ, ಮತ್ತೆ ರಾತ್ರಿ ನಿಮ್ಮನ್ನು ಎಕ್ಸ್‌ಪ್ರೆಸ್‌ವೇನಲ್ಲಿ ಮನೆಗೆ ಮುಟ್ಟಿಸಬೇಕಾದ್ದು ಅದೇ ಕಣ್ಣು.

ವಯಸ್ಸಾದವರು ಕಲ್ಯಾಣಿಯ ಕಂಬದ ಮಂಟಪದಲ್ಲಿ ಟವೆಲ್ ಹಾಸಿಕೊಂಡು ಕಾಲು ಚಾಚಲಿ. ನಡೆಯುವ ಶಕ್ತಿ ಇದ್ದವರು ರಾಯಗೋಪುರಕ್ಕೆ ಹೋಗಿ, ನಾಲ್ಕು ಎತ್ತರದ ಕಂಬ ನಿಲ್ಲಿಸಿ ಮುಗಿಸದೇ ಬಿಟ್ಟದ್ದು. ಅಕ್ಕತಂಗಿ ಕೊಳ ಕೂಡ ಆ ಕಡೆಯೇ, ಪಕ್ಕಪಕ್ಕ ಎರಡು ಕೊಳ. ಕವಿ ಪು.ತಿ.ನ. ಹುಟ್ಟಿದ್ದು ಈ ಊರಿನಲ್ಲಿ, ಅವರ ಮನೆಯನ್ನು ಸ್ಮಾರಕವಾಗಿ ಉಳಿಸಿದ್ದಾರೆ. ಕೋತಿಗಳ ಬಗ್ಗೆ ಎಚ್ಚರ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಕಂಡರೆ ಸಾಕು, ಒಳಗೆ ಪ್ರಸಾದವೋ ಮಾತ್ರೆಯೋ ಅಂತ ಅವು ನೋಡುವುದಿಲ್ಲ.

ಶ್ರೀರಂಗಪಟ್ಟಣ

ಮೂರೂವರೆಗೆ ಹೊರಟರೆ ಜಕ್ಕನಹಳ್ಳಿ, ಪಾಂಡವಪುರ ದಾಟಿ ನಾಲ್ಕೂಕಾಲರ ಸುಮಾರಿಗೆ ಕೋಟೆಯೊಳಗೆ. ಆಗ ತಾನೇ ಬಾಗಿಲು ತೆಗೆದಿರುತ್ತಾರೆ. ಕಾವೇರಿ ನದಿಯ ಮೂರು ರಂಗರಲ್ಲಿ ಇವನು ಆದಿರಂಗ, ಶಿವನಸಮುದ್ರದವನು ಮಧ್ಯರಂಗ, ತಿರುಚ್ಚಿ ಪಕ್ಕದ ಶ್ರೀರಂಗದವನು ಅಂತ್ಯರಂಗ. ಮೂವರನ್ನೂ ಒಂದೇ ದಿನ ನೋಡಿದರೆ ಪುಣ್ಯ ಅಂತ ಹೊರಡುವವರಿದ್ದಾರೆ. ಅದರಲ್ಲಿ ಪುಣ್ಯ ಡ್ರೈವರ್‌ಗೇ ಸಲ್ಲಬೇಕು.

ರಂಗನಾಥ ಮಲಗಿದ್ದಾನೆ, ಕಾಲ ಬುಡದಲ್ಲಿ ಕಾವೇರಿ. ಒಳಗೆ ಕತ್ತಲು, ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲ ಅರ್ಧ ನಿಮಿಷ ದೀಪ ಬಿಟ್ಟು ಬೇರೇನೂ ಕಾಣುವುದಿಲ್ಲ. ಅಷ್ಟರಲ್ಲಿ "ನಡೀರಿ ನಡೀರಿ" ಶುರುವಾಗುತ್ತದೆ. ಅದಕ್ಕೆ ಒಂದು ಉಪಾಯ: ಕಂಬಗಳ ನಡುವೆ ಐದು ನಿಮಿಷ ನಿಂತು ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಸಾಲಿಗೆ ಸೇರಿ. ಮುಖ, ಕಿರೀಟ, ಹೆಡೆ ಎಲ್ಲಾ ಕಾಣುತ್ತದೆ.

ಅಲ್ಲಿಂದ ಗಂಜಾಂಗೆ, ನಿಮಿಷಾಂಬ. ಹತ್ತು ನಿಮಿಷದ ದಾರಿ. ನಿಂಬೆಹಣ್ಣು, ಬಳೆ, ಹಣ್ಣು ಕಾಯಿ ಹೊರಗೆ ಸಿಗುತ್ತದೆ. ದೇವಸ್ಥಾನದ ಮುಂದೆಯೇ ಮೆಟ್ಟಿಲು ಇಳಿದರೆ ಕಾವೇರಿ. ಕಾಲು ಒದ್ದೆ ಮಾಡಿಕೊಳ್ಳೋಣ ಅನ್ನಿಸುತ್ತದೆ, ಮಳೆಗಾಲದಲ್ಲಿ ಬೇಡ. ಮೇಲ್ಗಡೆ ಕೆಆರ್‌ಎಸ್‌ನಿಂದ ನೀರು ಬಿಟ್ಟಾಗ ಹೊಳೆ ಏರುತ್ತದೆ, ಮೆಟ್ಟಿಲು ಪಾಚಿ ಕಟ್ಟಿರುತ್ತವೆ. ಕೊನೆಯ ಒಣ ಮೆಟ್ಟಿಲಲ್ಲಿ ಕೂತು ಚೊಂಬಿನಲ್ಲಿ ನೀರು ತೆಗೆದುಕೊಂಡರೆ ಸಾಕು.

ಸಂಗಮ, ಬೇಸಿಗೆ ಅರಮನೆ, ಬೃಂದಾವನ ಅಂತ ಪಟ್ಟಿ ಶುರುವಾದರೆ, ಕಾರಿನ ಬಾಗಿಲು ತೆಗೆದು ನಿಂತುಕೊಳ್ಳಿ.

ಮೈಸೂರಿನಿಂದ ಹೊರಡುವವರಿಗೆ ಒಂದು ಮಾತು. ಮೇಲುಕೋಟೆ ಹತ್ತಿರ ಅಂತ ಮೊದಲು ಅಲ್ಲಿಗೆ ಹೋಗಬೇಡಿ, ಬೆಳಗೊಳದ ಬಂಡೆಯ ಮೇಲೆ ಮಧ್ಯಾಹ್ನ ಸಿಕ್ಕಿಹಾಕಿಕೊಳ್ಳುತ್ತೀರಿ. ಕ್ರಮ ಇದೇ ಇರಲಿ, ದಾರಿ ನಿಮಗೆ ಚಿಕ್ಕದು, ಆರೂಕಾಲಿಗೆ ಹೊರಟರೂ ಸಾಕು.

ವಾಪಸ್

ಆರು ಗಂಟೆಗೆ ಎಕ್ಸ್‌ಪ್ರೆಸ್‌ವೇ ಹತ್ತಿ. 2023ರಲ್ಲಿ ಈ ರಸ್ತೆ ಶುರುವಾದ ಮೇಲೆ ವಾಪಸ್ ಬರೋದು ಸಲೀಸಾಗಿದೆ, ಆದರೆ ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ ಎಲ್ಲವನ್ನೂ ಬದಿಗೆ ಬಿಟ್ಟು ಬರುತ್ತದೆ. ಮದ್ದೂರು ವಡೆ ಬೇಕು ಅಂದರೆ ಬೈಪಾಸ್‌ಗೆ ಮುಂಚೆಯೇ ಕೆಳಗಿಳಿಯಬೇಕು, ನೆನಪಾದಾಗ ಫ್ಲೈಓವರ್ ಮೇಲೆ ಇರುತ್ತೀರಿ. ಟಾಯ್ಲೆಟ್ ಕೂಡ ಹಾಗೇ, ಶ್ರೀರಂಗಪಟ್ಟಣದಲ್ಲೇ ಎಲ್ಲರೂ ಮುಗಿಸಿಕೊಂಡು ಹತ್ತಿ. ವೇಗದ ಮಿತಿ ಗಂಟೆಗೆ 100 ಕಿ.ಮೀ., ಕ್ಯಾಮೆರಾ ಇವೆ. "ಬೇಗ ಹೋಗೋಣ ಅಣ್ಣ" ಅಂತ ಅವಸರ ಮಾಡಿದವರು ದಂಡವನ್ನೂ ಕಟ್ಟಬೇಕಾಗುತ್ತದೆ.

ಕೆಂಗೇರಿಯಿಂದ ಒಳಗೆ ಬರೋದೇ ಅರ್ಧ ಪ್ರಯಾಣ. ಎಂಟೂವರೆ, ಒಂಬತ್ತಕ್ಕೆ ಮನೆ ಮುಟ್ಟುತ್ತೀರಿ. ಇಳಿಯುವ ಮುಂಚೆ ಮೀಟರ್ ಫೋಟೋ, ಟೋಲ್ ಚೀಟಿ, ಲೆಕ್ಕ. ಬಾಟಾ ಟ್ರಾವೆಲ್ಸ್‌ಗೆ ಕೊಟ್ಟಿದ್ದರೂ ಡ್ರೈವರ್ ಕೈಗೆ ಬೇರೆ ಏನಾದರೂ ಕೊಡಿ, ಒಂದು ಬಾಟಲಿ ಗೊಜ್ಜು ಅವರ ಮನೆಗೂ ತಂದಿದ್ದರೆ ಇನ್ನೂ ಒಳ್ಳೆಯದು.

ಹೋದ ತಿಂಗಳು ಹೋದಾಗ ಮೇಲುಕೋಟೆ ಬಾಗಿಲಿಗೆ ನಾವು ಬಂದದ್ದು ಹನ್ನೊಂದೂ ಐವತ್ತಕ್ಕೆ. ಅತ್ತೆ ಹಾರ ಕೊಟ್ಟು, ತೀರ್ಥ ತೆಗೆದುಕೊಂಡು, ಹೊರಗೆ ಬಂದು ಅದೇ ಮೆಟ್ಟಿಲ ಮೇಲೆ ಕೂತರು. "ಇನ್ನೂ ಮುಕ್ಕಾಲು ಗಂಟೆ ಇದೆಯಲ್ಲೇ, ಇನ್ನೊಂದು ಸಲ ನೋಡಿ ಬರ್ತೀನಿ" ಅಂತ ಎದ್ದು ಮತ್ತೆ ಒಳಗೆ ಹೋದರು.